ಪಾದ ತೊಳೆಸಿಕೊಳ್ಳುವುದೂ ನಂಬಿಕೆಯೇ

ಪ್ರಶ್ನೆ: ಅಕ್ಕ, ನನಗೆ 39 ವರ್ಷ. ಮೈಸೂರು ಸೀಮೆಯ ಒಂದು ಹಳ್ಳಿ. ನಮ್ಮದು ತಲೆಮಾರುಗಳಿಂದ ಕ್ರೈಸ್ತ ಕುಟುಂಬ. ಅವ್ವನಿಗೆ 68. ಸ್ತನದ ಕ್ಯಾನ್ಸರ್ ಈಗ ಬೆನ್ನುಮೂಳೆಗೂ ಸೊಂಟಕ್ಕೂ ಹರಡಿದೆ. ದೋರನಹಳ್ಳಿ ಸಂತ ಅಂತೋಣಿಯವರಿಗೆ ಹರಕೆ ಹೊತ್ತದ್ದೂ ಆಯಿತು. ವಾಸಿ ಮಾಡಲು ಆಗಲ್ಲ, ನೋವು ಕಡಿಮೆ ಮಾಡಬಹುದು ಎಂದು ಡಾಕ್ಟರು ಮಾರ್ಫಿನ್ ಮಾತ್ರೆ ಬರೆದುಕೊಟ್ಟರು. ಅವ್ವ ಮುಟ್ಟುತ್ತಿಲ್ಲ. ಮಾತ್ರೆ ಡಬ್ಬಿಯಲ್ಲಿ ಹಾಗೇ ಇದೆ. "ಯೇಸುಸ್ವಾಮಿ ಶಿಲುಬೆ ಮೇಲೆ ನೋವು ಮರೆಸೋ ದ್ರಾಕ್ಷಾರಸ ಬೇಡ ಅಂದ್ರು. ನಾನು ಈ ನೋವನ್ನ ನಿನ್ನ ತಮ್ಮನ ಆತ್ಮಕ್ಕೆ ಒಪ್ಪಿಸ್ತಿದ್ದೀನಿ" ಅನ್ನುತ್ತಾಳೆ. ತಮ್ಮ ಮೂರು ವರ್ಷದ ಹಿಂದೆ ತಾನೇ ಜೀವ ಕಳೆದುಕೊಂಡ. ಪ್ರಾರ್ಥನಾ ಕೂಟದ ಒಬ್ಬ ಆಂಟಿ, ಮಾತ್ರೆ ಕೊಟ್ಟರೆ ನಂಬಿಕೆ ಇಲ್ಲ ಅಂತ ಅರ್ಥ ಅಂದರು. ರಾತ್ರಿ ಅವ್ವ ನರಳುವಾಗ ಮಾತ್ರೆಯನ್ನು ಪುಡಿ ಮಾಡಿ ಗಂಜಿಗೆ ಬೆರೆಸಿಬಿಡೋಣ ಅನ್ನಿಸುತ್ತದೆ. ಅಣ್ಣ ಬೆಂಗಳೂರಲ್ಲಿದ್ದಾನೆ. ತಿಂಗಳಿಗೊಮ್ಮೆ ಬಂದು ದುಡ್ಡು ಕೊಟ್ಟು ಹೋಗುತ್ತಾನೆ. ಎಂಟು ತಿಂಗಳಿಂದ ನಾನೊಬ್ಬಳೇ ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಪಾದ ತೊಳೆಯುವುದು. ಜಪಸರ ಹಿಡಿದರೆ ಸಿಟ್ಟು ಬರುತ್ತದೆ. ನಂಬಿಕೆಯೇ ಇಲ್ಲದೆ ಸೇವೆ ಮಾಡುವುದು ನಾಟಕ ಅಲ್ವಾ?

ಉತ್ತರ: ಪ್ರೀತಿಯ ತಂಗಿ,

ಮೊದಲು ಗಂಜಿಯ ವಿಷಯ. ಬೇಡ. ಕದ್ದು ಕೊಡಬೇಡಿ. ಆ ಯೋಚನೆ ಬಂದದ್ದಕ್ಕೆ ನಾನು ಬೈಯುವುದಿಲ್ಲ. ರಾತ್ರಿ ಎರಡು ಗಂಟೆಗೆ ಹೆತ್ತವಳ ನರಳಾಟ ಕೇಳುತ್ತಾ ಕೂತವರಿಗೆ ಬರದೆ ಇನ್ಯಾರಿಗೆ ಬರಬೇಕು? ಆದರೆ ಹಾಸಿಗೆ ಹಿಡಿದ ಮನುಷ್ಯರಿಗೆ ಒಂದೊಂದೇ ಕೈತಪ್ಪಿ ಹೋಗಿರುತ್ತದೆ. ನಡೆಯುವುದು, ಒಲೆ ಹಚ್ಚುವುದು, ತಾವೇ ಬಚ್ಚಲಿಗೆ ಹೋಗುವುದು. ಕೊನೆಗೆ ಉಳಿಯುವುದು 'ಬೇಕು', 'ಬೇಡ' ಎಂಬ ಎರಡು ಮಾತು. ಅದನ್ನೂ ಕಿತ್ತುಕೊಂಡರೆ ಅವರ ಹತ್ತಿರ ಏನೂ ಉಳಿಯುವುದಿಲ್ಲ. ಒಂದು ದಿನ ಗೊತ್ತಾದರೆ ನಿಮ್ಮ ಕೈಯ ನೀರನ್ನೂ ಅನುಮಾನದಿಂದ ನೋಡುತ್ತಾರೆ. ಇನ್ನೊಂದು ಕಾರಣವೂ ಇದೆ. ಮಾರ್ಫಿನ್‌ನಲ್ಲಿ ಬೇಗ ಕರಗುವ ಮಾತ್ರೆಯೂ ಇದೆ, ನಿಧಾನವಾಗಿ ಕರಗುವುದೂ ಇದೆ. ನಿಧಾನದ್ದನ್ನು ಪುಡಿ ಮಾಡಿದರೆ ಗಂಟೆಗಟ್ಟಲೆ ಇಳಿಯಬೇಕಾದ ಔಷಧ ಒಂದೇ ಸಲಕ್ಕೆ ಮೈಗೆ ಸೇರುತ್ತದೆ. ಅದು ಜೀವಕ್ಕೆ ಅಪಾಯ.

ಹಾಗಂತ ನೋವನ್ನು ನೋಡುತ್ತಾ ಸುಮ್ನೆ ಕೂತಿರಿ ಎನ್ನುತ್ತಿಲ್ಲ.

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಮೂರನೇ ಸಲಕ್ಕೆ ಒಂದು ವಿಷಯ ಕಂಡಿತು. ಅವ್ವ ಹೆದರಿರುವುದು ಮಾತ್ರೆಗಲ್ಲ. ಮಗನ ಗತಿ ಏನಾಯಿತೋ ಎಂದು ಹೆದರಿದ್ದಾರೆ. ತಾವು ನೋವು ಉಂಡು ಅವನನ್ನು ಎಲ್ಲಿಂದಲೋ ಬಿಡಿಸಿಕೊಂಡು ಬರಲು ಹೊರಟಿದ್ದಾರೆ. ಇದನ್ನು ಮೊಂಡುತನ ಎಂದುಕೊಳ್ಳಬೇಡಿ. ತಾಯಿ ಮಾಡುವ ಕೆಲಸ ಅದು. ದಾರಿ ಮಾತ್ರ ತಪ್ಪಿದೆ.

ಆ ಭಯ ಎಲ್ಲಿಂದ ಬಂತು ಎಂಬುದೂ ನನಗೆ ಸ್ವಲ್ಪ ಗೊತ್ತು. 1917ರ ಚರ್ಚ್ ಕಾನೂನಿನಲ್ಲಿ, ಬೇಕೆಂದೇ ಜೀವ ಕಳೆದುಕೊಂಡವರಿಗೆ ಚರ್ಚಿನ ಅಂತ್ಯಕ್ರಿಯೆ ಇಲ್ಲ ಎಂದಿತ್ತು. ಅವ್ವ ಬೆಳೆದದ್ದು ಆ ಕಾಲದಲ್ಲಿ. ಚಿಕ್ಕಂದಿನಲ್ಲಿ ಕೇಳಿದ ಮಾತು ಎದೆಯಲ್ಲಿ ಕೂತುಬಿಡುತ್ತದೆ. ಆದರೆ 1983ರಲ್ಲಿ ಹೊಸ ಕಾನೂನು ಬಂದಾಗ ಆ ಸಾಲೇ ಹೋಯಿತು. 1992ರಲ್ಲಿ ಬಂದ ಕಥೋಲಿಕ ಧರ್ಮೋಪದೇಶದ ಗ್ರಂಥ ಇನ್ನೂ ಮುಂದೆ ಹೋಗುತ್ತದೆ. ಮನಸ್ಸು ತೀರಾ ಕಲಕಿಹೋದಾಗ, ದೊಡ್ಡ ಭಯ ಸಂಕಟ ಕವಿದಾಗ ಮನುಷ್ಯನ ಹೊಣೆ ಕಡಿಮೆಯಾಗುತ್ತದೆ ಎನ್ನುತ್ತದೆ. ಹಾಗೆ ಹೋದವರ ಬಗ್ಗೆ ಆಸೆ ಬಿಡಬಾರದು, ದೇವರಿಗೆ ಮಾತ್ರ ಗೊತ್ತಿರುವ ದಾರಿಯಲ್ಲಿ ಅವರು ಉದ್ಧಾರವಾಗಬಹುದು, ಚರ್ಚು ಅವರಿಗಾಗಿ ಪ್ರಾರ್ಥಿಸುತ್ತದೆ ಎನ್ನುತ್ತದೆ. ಇದನ್ನು ಅವ್ವನಿಗೆ ಯಾರಾದರೂ ಬಾಯಿಬಿಟ್ಟು ಹೇಳಿದ್ದಾರಾ? ನನಗೆ ಅನುಮಾನ. ಸಾವಿನ ಮನೆಯಲ್ಲಿ ಅಂಥ ಮಾತು ಯಾರೂ ಎತ್ತುವುದಿಲ್ಲ. ಆಮೇಲೆ ಹೇಳೋಣ ಎನ್ನುತ್ತಾ ಮೂರು ವರ್ಷ ಕಳೆದುಹೋಗುತ್ತದೆ.

ನಿಮ್ಮ ಫಾದರ್ ಹತ್ತಿರ ಹೋಗಿ ನನಗೆ ಬರೆದದ್ದನ್ನೇ ಹೇಳಿ. ಅವರು ಮನೆಗೆ ಬರಲಿ. ಪರಮಪ್ರಸಾದ ಕೊಟ್ಟು ಹತ್ತು ನಿಮಿಷಕ್ಕೆ ಎದ್ದು ಹೋಗಬಾರದು. ತಮ್ಮನ ಹೆಸರು ಹೇಳಿ ಮಾತಾಡಬೇಕು. ಸಾಧ್ಯವಾದರೆ ಅವನ ಹೆಸರಲ್ಲಿ ಒಂದು ಪೂಜೆ ಅವ್ವನ ಮಂಚದ ಪಕ್ಕದಲ್ಲೇ ಆಗಲಿ. ಎಣ್ಣೆ ಹಚ್ಚಿ ರೋಗಿಗಾಗಿ ಪ್ರಾರ್ಥಿಸುವ ಸಂಸ್ಕಾರವನ್ನೂ ಅವತ್ತೇ ಕೇಳಿಕೊಳ್ಳಿ. ಅದು ಕೊನೆಯುಸಿರಿನ ಹೊತ್ತಿಗೆ ಮಾತ್ರ ಎಂದು ಹಳಬರು ಹೆದರುತ್ತಾರೆ. ಈಗ ಹಾಗಿಲ್ಲ. ಕಾಯಿಲೆಯಲ್ಲಿ ಬಲ ಕೊಡುವುದಕ್ಕೇ ಅದು ಇರುವುದು.

ಇಂಗ್ಲೆಂಡಿನಲ್ಲಿ ಸಿಸಿಲಿ ಸಾಂಡರ್ಸ್ ಎಂಬ ಹೆಂಗಸು ಇದ್ದರು. ಗಾಢವಾದ ಕ್ರೈಸ್ತ ನಂಬಿಕೆಯವರು. ಮೊದಲು ನರ್ಸ್ ಆಗಿದ್ದರು. ಸಾಯುವವರ ನೋವು ನೋಡಲಾಗದೆ ಆಮೇಲೆ ಓದಿ ಡಾಕ್ಟರಾದರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಎಂಬ, ಸಾಯುವವರನ್ನು ಆರೈಕೆ ಮಾಡುವ ಮನೆ ತೆರೆದರು. ಸಾಯುವವರ ನೋವು ಮೈಯದ್ದು ಮಾತ್ರ ಅಲ್ಲ, ಮನಸ್ಸಿನದ್ದು, ಮನೆಯವರದ್ದು, ಆತ್ಮದ್ದು ಎಲ್ಲ ಸೇರಿ ಒಂದೇ ನೋವು ಎಂದು ತೋರಿಸಿಕೊಟ್ಟವರು ಅವರು. ನಿಮ್ಮ ಅವ್ವನ ಸೊಂಟದಲ್ಲಿ ಮಗನೂ ನೋಯುತ್ತಿದ್ದಾನೆ. ಬರೀ ಮಾತ್ರೆಯಿಂದ ಅದು ಹೋಗುವುದಿಲ್ಲ. ಬರೀ ಪ್ರಾರ್ಥನೆಯಿಂದಲೂ ಹೋಗುವುದಿಲ್ಲ.

ಈಗ ದ್ರಾಕ್ಷಾರಸದ ಮಾತಿಗೆ ಬರೋಣ. ಅವ್ವ ಬೈಬಲ್ಲಿನ ಶುಭಸಂದೇಶ ಚೆನ್ನಾಗಿ ಓದಿದ್ದಾರೆ. ಮಾರ್ಕನ ಶುಭಸಂದೇಶದಲ್ಲಿ ಅದು ಇದೆ. ಗಂಧರಸ ಬೆರೆಸಿದ ದ್ರಾಕ್ಷಾರಸ ಕೊಟ್ಟರು, ಯೇಸುಸ್ವಾಮಿ ತೆಗೆದುಕೊಳ್ಳಲಿಲ್ಲ. ಆದರೆ ಯೊವಾನ್ನನ ಶುಭಸಂದೇಶದಲ್ಲಿ, ಕೊನೆಯ ಗಳಿಗೆಯಲ್ಲಿ, ನನಗೆ ಬಾಯಾರಿಕೆ ಎಂದರು. ಹುಳಿರಸದಲ್ಲಿ ಅದ್ದಿದ ಸ್ಪಂಜನ್ನು ಯಾರೋ ಬಾಯಿಗೆ ಹಿಡಿದಾಗ ಬೇಡ ಎನ್ನಲಿಲ್ಲ. ನಾಲ್ಕೂ ಶುಭಸಂದೇಶ ಹುಡುಕಿ ನೋಡಿ. ತನ್ನ ಹತ್ತಿರ ಬಂದ ಯಾವ ರೋಗಿಗೂ, ನೋವು ಇಟ್ಟುಕೋ, ದೇವರಿಗೆ ಒಪ್ಪಿಸು ಎಂದು ಅವರು ಹೇಳಿಲ್ಲ. ಕುರುಡ ಬಾರ್ತಿಮಾಯ ದಾರಿಯಲ್ಲಿ ಕೂಗಿಕೊಂಡಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ನಾನು ನಿನಗೆ ಏನು ಮಾಡಲಿ? ನೋವನ್ನು ಅವರು ತಾವು ಹೊತ್ತರು. ಇನ್ನೊಬ್ಬರ ಹೆಗಲ ಮೇಲೆ ಹಾಕಲಿಲ್ಲ.

ಆ ಆಂಟಿಗೂ ಒಂದು ಉತ್ತರ ಇದೆ. 1957ರ ಫೆಬ್ರುವರಿಯಲ್ಲಿ, ಅರಿವಳಿಕೆ ಡಾಕ್ಟರುಗಳು ಪೋಪ್ 12ನೇ ಪಿಯುಸ್ ಅವರನ್ನು ಇದೇ ಪ್ರಶ್ನೆ ಕೇಳಿದ್ದರು. ಸಾಯುವ ರೋಗಿಗೆ ಮಾರ್ಫಿನ್‌ನಂಥ ಔಷಧ ಕೊಡಬಹುದಾ ಎಂದು. ಕೊಡಬಹುದು ಎಂದರು ಪೋಪ್. ಕೊಲ್ಲುವ ಉದ್ದೇಶವಿಲ್ಲದೆ, ನೋವು ಇಳಿಸುವುದಕ್ಕೇ ಕೊಟ್ಟರೆ ತಪ್ಪಲ್ಲ ಎಂದರು. 1995ರಲ್ಲಿ ಪೋಪ್ 2ನೇ ಜಾನ್ ಪಾಲ್ ಬರೆದದ್ದೂ ಇದೆ. ಒಬ್ಬರು ತಾವಾಗಿ ಔಷಧ ಬೇಡ ಎಂದು ಕ್ರಿಸ್ತನ ನೋವಿನಲ್ಲಿ ಪಾಲು ಪಡೆದರೆ ಅದು ಮೆಚ್ಚುವಂಥದ್ದೇ, ಆದರೆ ಅದು ಎಲ್ಲರ ಕರ್ತವ್ಯ ಅಲ್ಲ ಎಂದು. ಹಾಗಾಗಿ ಮಾತ್ರೆ ನುಂಗಿದರೆ ನಂಬಿಕೆ ಇಲ್ಲ ಎನ್ನುವುದು ಚರ್ಚಿನ ಮಾತಲ್ಲ. ಅದು ಆಂಟಿಯ ಮಾತು.

ಆದರೆ ತಂಗಿ, ಪೋಪ್ ಹೇಳಿದರು ಎಂದು ಅವ್ವನ ಜೊತೆ ವಾದಕ್ಕೆ ಕೂರಬೇಡಿ. ವಾದದಲ್ಲಿ ಗೆದ್ದರೂ ಮಾತ್ರೆ ಗಂಟಲಿಗೆ ಇಳಿಯುವುದಿಲ್ಲ. ನೀವು ದಿನಾ ಅವರ ಪಾದ ತೊಳೆಯುತ್ತೀರಿ ಎಂದು ಬರೆದಿದ್ದೀರಲ್ಲ, ನನ್ನ ಮನಸ್ಸು ನಿಂತದ್ದು ಅಲ್ಲಿ. ಪವಿತ್ರ ಗುರುವಾರದ ಪೂಜೆಯಲ್ಲಿ ಫಾದರ್ ಸೊಂಟಕ್ಕೆ ಟವೆಲ್ ಕಟ್ಟಿಕೊಂಡು 12 ಜನರ ಪಾದ ತೊಳೆಯುವುದನ್ನು ಚಿಕ್ಕಂದಿನಿಂದ ನೋಡಿದ್ದೀರಿ. ನಾವೆಲ್ಲ ತೊಳೆಯುವವರನ್ನೇ ನೋಡುತ್ತೇವೆ. ಯೇಸುಸ್ವಾಮಿ ಶಿಷ್ಯರ ಪಾದ ತೊಳೆದಾಗ ಶಿಷ್ಯ ಪೇತ್ರ ಮಾಡಿದ ಗಲಾಟೆ ಮರೆತುಬಿಡುತ್ತೇವೆ. ನನ್ನ ಪಾದ ನೀವು ಎಂದಿಗೂ ತೊಳೆಯಬಾರದು ಎಂದು ಕಾಲು ಹಿಂದಕ್ಕೆ ಎಳೆದುಕೊಂಡವನು ಅವನು. ಅವನಿಗೆ ಅದು ಭಕ್ತಿ ಅನ್ನಿಸಿತ್ತು. ಯೇಸುಸ್ವಾಮಿ ಏನಂದರು? ತೊಳೆಯದಿದ್ದರೆ ನನ್ನ ಜೊತೆ ನಿನಗೆ ಪಾಲಿಲ್ಲ ಎಂದರು. ಜೀವಮಾನವಿಡೀ ಬೇರೆಯವರಿಗೆ ಮಾಡಿದವರಿಗೆ, ಬೇರೆಯವರಿಂದ ಮಾಡಿಸಿಕೊಳ್ಳುವುದು ಎಷ್ಟು ಕಷ್ಟ! ನಿಮ್ಮ ಅವ್ವ ಅಂಥವರು ಅಂತ ನನಗೆ ಕಾಣುತ್ತದೆ. ಪಾದ ತೊಳೆಯುವಾಗ ಈ ಕಥೆ ನೆನಪಿಸಿ. "ಅವ್ವ, ನಾನು ತೊಳೀತೀನಿ, ನೀನು ತೊಳೆಸಿಕೋ. ಮಾತ್ರೆನೂ ಅಷ್ಟೇ" ಅನ್ನಿ. ಆಮೇಲೆ ಎರಡು ದಿನಕ್ಕೆ ಮಾತ್ರ ಕೇಳಿಕೊಳ್ಳಿ. ಎರಡು ದಿನ ತಗೋ, ಬೇಡ ಅನ್ನಿಸಿದರೆ ಬಿಡೋಣ ಎಂದು. ನೋವು ಇಳಿದರೆ ಜಪಸರ ಪೂರ್ತಿ ಹೇಳಬಹುದು, ಮಗನ ಮಾತು ಸಮಾಧಾನವಾಗಿ ಆಡಬಹುದು. ಹಲ್ಲು ಕಚ್ಚಿ ಹಿಡಿದಿರುವ ಬಾಯಿಂದ ಪ್ರಾರ್ಥನೆ ಎಷ್ಟು ಹೊರಟೀತು?

ಅಷ್ಟೆಲ್ಲ ಆದಮೇಲೂ ಬೇಡ ಎಂದರೆ, ಅವತ್ತಿಗೆ ಬಿಡಿ. ಎರಡು ದಿನ ಬಿಟ್ಟು ಮತ್ತೆ ಕೇಳಿ. ನೋವಿನ ಜೊತೆ ಮನಸ್ಸೂ ಬದಲಾಗುತ್ತದೆ.

ಒಪ್ಪಿದರೆ ಕೆಲವು ವಿಷಯ ನೆನಪಿಡಿ. ನನ್ನ ಅಪ್ಪನ ಕೊನೆಯ ದಿನಗಳಲ್ಲಿ ನಮಗೆ ಇದನ್ನು ಯಾರೂ ಹೇಳಲಿಲ್ಲ. ಮಾರ್ಫಿನ್ ಎಂಬ ಹೆಸರಿಗೇ ಹೆದರಿ ಮೂರು ವಾರ ಅಪ್ಪನನ್ನು ನರಳಲು ಬಿಟ್ಟೆವು. ಆ ಮೂರು ವಾರ ನನಗೆ ಇವತ್ತಿಗೂ ಮರೆತಿಲ್ಲ. ಮಾತ್ರೆಯನ್ನು ನೋವು ಬಂದಾಗ ಅಲ್ಲ, ಗಡಿಯಾರ ನೋಡಿ ಕೊಡಬೇಕು. ಡಾಕ್ಟರು ಹೇಳಿದ ಹೊತ್ತಿಗೆ ಸರಿಯಾಗಿ. ಮೊದಲ ಎರಡು ಮೂರು ದಿನ ಮಂಪರು, ವಾಕರಿಕೆ ಇರಬಹುದು, ಸಾಮಾನ್ಯವಾಗಿ ಇಳಿಯುತ್ತದೆ. ಮಲಬದ್ಧತೆ ಮಾತ್ರ ಹೋಗುವುದಿಲ್ಲ. ಅದಕ್ಕೆ ಮೊದಲ ದಿನದಿಂದಲೇ ಔಷಧ ಕೇಳಿ ತೆಗೆದುಕೊಳ್ಳಿ. ಕ್ಯಾನ್ಸರ್ ನೋವಿಗೆ ಡಾಕ್ಟರು ಹೇಳಿದಷ್ಟೇ ಕೊಟ್ಟರೆ ಚಟ ಹತ್ತುತ್ತದೆ ಎಂಬ ಭಯ ಬೇಡ. ಹಾಗೇ ನೀವಾಗಿ ಜಾಸ್ತಿ ಮಾಡುವುದಾಗಲಿ, ತಟ್ಟನೆ ನಿಲ್ಲಿಸುವುದಾಗಲಿ ಬೇಡ. ಎಬ್ಬಿಸಿದರೂ ಏಳದಷ್ಟು ನಿದ್ದೆ ಬಂದರೆ, ಉಸಿರು ತೀರಾ ನಿಧಾನವಾದರೆ ತಕ್ಷಣ ಡಾಕ್ಟರಿಗೆ ಫೋನ್ ಮಾಡಿ. ಮೂಳೆಯ ನೋವಿಗೆ ಒಂದೇ ಸಲದ ರೇಡಿಯೇಷನ್ ಕೂಡ ಎಷ್ಟೋ ಜನರಿಗೆ ಆರಾಮ ಕೊಡುತ್ತದೆ. ಅದನ್ನೂ ಕೇಳಿ ನೋಡಿ. ಬೆಂಗಳೂರಿನಲ್ಲಿ ಕಿದ್ವಾಯಿ ಆಸ್ಪತ್ರೆಯಲ್ಲಿ ನೋವು ಇಳಿಸುವ ಆರೈಕೆಯ ವಿಭಾಗ ಇದೆ. ಕರುಣಾಶ್ರಯದಲ್ಲಿ ವಾಸಿಯಾಗದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಾರೆ. ವಿಚಾರಿಸುವ ಕೆಲಸ ಅಣ್ಣನಿಗೆ ಕೊಡಿ. ಅವರು ಅಲ್ಲೇ ಇದ್ದಾರಲ್ಲ.

ಇನ್ನು ನಿಮ್ಮ ಮಾತು. ಕಾಗದದ ಕೊನೆಯಲ್ಲಿ, ಒಂದೇ ಸಾಲಿನಲ್ಲಿ ಬರೆದಿದ್ದೀರಿ. ನನಗೆ ಅದೇ ಜಾಸ್ತಿ ಭಾರವಾಗಿ ಕೇಳಿಸಿತು.

ನಾಟಕ ಅಲ್ಲ ತಂಗಿ. ಕಲ್ಕತ್ತಾದ ಮದರ್ ತೆರೇಸಾ 1997ರಲ್ಲಿ ತೀರಿಕೊಂಡರು. ಹತ್ತು ವರ್ಷ ಆದಮೇಲೆ ಅವರು ಗುರುಗಳಿಗೆ ಬರೆದಿದ್ದ ಪತ್ರಗಳು ಅಚ್ಚಾದವು. ಓದಿದವರೆಲ್ಲ ಬೆರಗಾದರು. ದೇವರು ಹತ್ತಿರ ಇದ್ದಾನೆ ಎಂಬ ಅನುಭವವೇ ಇಲ್ಲದೆ, ಒಳಗೆಲ್ಲ ಕತ್ತಲೆ ಇಟ್ಟುಕೊಂಡು, ಹೆಚ್ಚುಕಡಿಮೆ 50 ವರ್ಷ ಅವರು ಸಾಯುವವರ ಮೈ ತೊಳೆದಿದ್ದರು. ಅವರನ್ನು 2016ರಲ್ಲಿ ಚರ್ಚು ಸಂತರೆಂದು ಕರೆಯಿತು. ಆ ಪತ್ರಗಳ ವಿಷಯ ಆಗ ಚರ್ಚಿಗೆ ಚೆನ್ನಾಗಿಯೇ ಗೊತ್ತಿತ್ತು. ಬೈಬಲ್ಲಿನ 88ನೇ ಕೀರ್ತನೆ ಓದಿ. ಅದರಲ್ಲಿ ಸಮಾಧಾನವೇ ಇಲ್ಲ, ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಆದರೂ ಅದು ಪ್ರಾರ್ಥನೆಯ ಪುಸ್ತಕದಲ್ಲಿದೆ. ಜಪಸರ ಹಿಡಿದಾಗ ಬರುವ ಸಿಟ್ಟನ್ನೇ ದೇವರ ಮುಂದೆ ಹೇಳಿ. ಅದೂ ಆಗದಿದ್ದರೆ ಜಪಸರ ಅವ್ವನ ಕೈಗೆ ಕೊಟ್ಟು, ನೀವು ಪಕ್ಕದಲ್ಲಿ ಕೂತಿರಿ.

ಅದಕ್ಕಿಂತ ಮೊದಲು ನಿದ್ದೆ ಮಾಡಿ. ಪ್ರವಾದಿ ಎಲೀಯನಿಗೆ ಬದುಕೇ ಸಾಕಾಗಿ ಅಡವಿಯಲ್ಲಿ ಗಿಡದ ಕೆಳಗೆ ಬಿದ್ದುಕೊಂಡಾಗ ದೇವದೂತ ಬಂದ. ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ. ಅವನು ಉಂಡು ಮತ್ತೆ ಮಲಗಿದ. ದೂತ ಎರಡನೇ ಸಲ ಎಬ್ಬಿಸಿ ಮತ್ತೆ ಊಟ ಕೊಟ್ಟ. ಎಂಟು ತಿಂಗಳಿಂದ ನಿಮ್ಮನ್ನು ಯಾರು ಎಬ್ಬಿಸಿ ಊಟ ಕೊಟ್ಟಿದ್ದಾರೆ?

ಒಳ್ಳೆಯ ಸಮಾರಿಯದವನ ಕಥೆಯಲ್ಲಿ ನಾವು ಓದಿಯೂ ಓದದೆ ಬಿಡುವ ಒಂದು ಸಾಲಿದೆ. ದಾರಿಯಲ್ಲಿ ಪೆಟ್ಟು ತಿಂದು ಬಿದ್ದಿದ್ದ ಅಪರಿಚಿತನ ಗಾಯಕ್ಕೆ ಅವನು ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ. ಆ ಕಾಲದ ಔಷಧ ಅದು. ಛತ್ರಕ್ಕೆ ಕರೆದೊಯ್ದು ಒಂದು ರಾತ್ರಿ ನೋಡಿಕೊಂಡ. ಮಾರನೇ ದಿನ ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಇಟ್ಟು, ಇವನನ್ನು ನೋಡಿಕೋ, ಜಾಸ್ತಿ ಖರ್ಚಾದರೆ ವಾಪಸ್ ಬರುವಾಗ ಕೊಡುತ್ತೇನೆ ಎಂದು ಹೇಳಿದ. ಎಲ್ಲವನ್ನೂ ತಾನೊಬ್ಬನೇ ಮಾಡಲಿಲ್ಲ. ಹಾಗಂತ ಅವನನ್ನು ಯಾರೂ ಅರ್ಧ ಸೇವೆಯವನು ಎನ್ನುವುದಿಲ್ಲ. ನಿಮಗೂ ಒಬ್ಬ ಛತ್ರದವನು ಬೇಕು. ಅಣ್ಣನಿಗೆ ಫೋನ್ ಮಾಡಿ, ದುಡ್ಡಿನ ಜೊತೆ ತಿಂಗಳಿಗೆ ನಾಲ್ಕು ರಾತ್ರಿಯೂ ಬೇಕು ಅನ್ನಿ. ಕೋಪದಲ್ಲಿ ಬೇಡ, ಲೆಕ್ಕ ಹೇಳುವ ಹಾಗೆ ಹೇಳಿ. ಪ್ರಾರ್ಥನಾ ಕೂಟದ ಆಂಟಿಗೂ ಹೇಳಿ. ಪ್ರತಿ ಶನಿವಾರ ಮಧ್ಯಾಹ್ನ ಎರಡು ಗಂಟೆ ಅವ್ವನ ಪಕ್ಕ ಕೂತುಕೊಳ್ಳಲಿ, ಮಗ್ಗುಲು ಬದಲಿಸಲಿ. ನಿಜವಾಗಿ ಕೇಳಿಕೊಂಡರೆ ಅವರು ಬರುತ್ತಾರೆ ಎಂದೇ ನನ್ನ ನಂಬಿಕೆ. ಪಕ್ಕ ಕೂತು ಆ ನರಳಾಟ ಕೇಳಿದ ಮೇಲೆ ಮಾತ್ರೆ ಬೇಡ ಎನ್ನುವುದು ಅಷ್ಟು ಸುಲಭ ಅಲ್ಲ.

ಬೇಡ, ನಾನೇ ಮಾಡುತ್ತೇನೆ ಎಂದು ನೀವು ಹೇಳುವಿರೇನೋ. ಹಾಗೆ ಹೇಳುವ ಮೊದಲು ಪೇತ್ರನನ್ನು ನೆನಪಿಸಿಕೊಳ್ಳಿ. ನೀವೂ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೀರಿ, ಅವ್ವನ ಹಾಗೇ.

ಫಾದರ್ ಬಂದು ಹೋದ ಮೇಲೆ, ಮಗನ ವಿಷಯ ಕೇಳಿ ಅವ್ವ ಏನಂದರು ಅಂತ ಬರೆಯಿರಿ. ಕಾಯುತ್ತಿರುತ್ತೇನೆ.

ನಿಮ್ಮ ಅಕ್ಕ