ಓದುಗರ ಪ್ರಶ್ನೆ: ಚಿತ್ರದ ಹಕ್ಕಿ, ಹೂವು ಮತ್ತು ಅವುಗಳ ಅರ್ಥ

ಪ್ರಶ್ನೆ: ನಮ್ಮ ಐನ್‌ಮನೆಗೆಂದು (ಕೊಡವರ ಕುಟುಂಬದ ಮೂಲಮನೆ) 2 ಅಡಿ ಅಗಲ, 3 ಅಡಿ ಎತ್ತರದ ಅಕ್ರಿಲಿಕ್ ಚಿತ್ರ ಬರೆಯುತ್ತಿದ್ದೇನೆ. ಕುಣಿಯುವ ನವಿಲು, ತೋಕ್ ಪೂ (ಕೋವಿ ಹೂ), ಕಾಫಿ ಹೂ, ಸುಗ್ಗಿ ಹಬ್ಬ ಹುತ್ತರಿಯ ಕದಿರು ನಾಲ್ಕೂ ಇರಲಿ ಎಂದು ಆಸೆ. ಒಟ್ಟಿಗೆ ಹೊಂದುತ್ತವೆಯೇ?
– ಓದುಗರು, ವಿರಾಜಪೇಟೆ

ಉತ್ತರ: ಹೊಂದುವುದಿಲ್ಲ. ಕಾಫಿ ಅರಳುವುದು ಮಾರ್ಚ್–ಏಪ್ರಿಲ್‌ನಲ್ಲಿ, ಕಾಫಿಯನ್ನು ಅರಳಿಸುವ ಹೂಮಳೆ ಬಿದ್ದ ಎಂಟು–ಹತ್ತು ದಿನಕ್ಕೆ. ತೋಕ್ ಪೂ ಮಳೆಗಾಲದ್ದು. ಹುತ್ತರಿ ಬರುವುದು ನವೆಂಬರ್–ಡಿಸೆಂಬರ್‌ನಲ್ಲಿ. ಆ ಹೊತ್ತಿಗೆ ನವಿಲು ಉದ್ದ ಗರಿಗಳನ್ನೆಲ್ಲ ಉದುರಿಸಿಕೊಂಡಿರುತ್ತದೆ. ಅಲಂಕಾರದ ಚಿತ್ರದಲ್ಲಿ ಋತು ಬೆರೆತರೂ ನಡೆದೀತು. ನಿಸರ್ಗ ನೋಡಿ ಬರೆಯುವ ಚಿತ್ರದಲ್ಲಿ ಮಾತ್ರ ಹೂವಿನ ಅರ್ಥಕ್ಕೆ ಬಲ ಬರುವುದೇ ಅದರ ಕಾಲದಿಂದ.

ತೋಕ್ ಪೂ ಒಂದನ್ನೇ ಹಿಡಿಯಿರಿ. ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದಿನಂದು ಕೋವಿಗೆ ಸಿಕ್ಕಿಸುವ ಹೂ, ಐನ್‌ಮನೆಯ ಗೋಡೆಯ ಮೇಲೆ ಅದರ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹಲವರು ಎಡವುವುದು ಆಕಾರದಲ್ಲಿ, ಲಿಲ್ಲಿಯ ಹಾಗೆ ಬಟ್ಟಲು ಬರೆದುಬಿಡುತ್ತಾರೆ. ಈ ಹೂವಿನ ಮುಖ ಕೆಳಕ್ಕೆ. ಅಲೆಅಲೆ ಅಂಚಿನ ಆರು ಎಸಳೂ ಹಿಂದಕ್ಕೆ ಮಡಚಿ ಮೇಲೆದ್ದು ನಿಂತಿರುತ್ತವೆ, ಆರು ಕೇಸರಗಳು ಸುತ್ತಲೂ ಅಡ್ಡಕ್ಕೆ ಚಾಚಿರುತ್ತವೆ. ಎಲೆಯ ತುದಿಯೇ ಸುರುಳಿಯಾಗಿ ಆಸರೆ ಹಿಡಿಯುತ್ತದೆ. ಅದು ಬಿಟ್ಟುಹೋದರೆ ಬಳ್ಳಿ ಗಾಳಿಯಲ್ಲಿ ತೇಲಿದಂತೆ ಕಾಣುತ್ತದೆ. ಮೊಗ್ಗು ಹಸಿರು, ಅರಳಿದ ಹೂವಿನ ಬುಡ ಹಳದಿ, ತುದಿ ಕೆಂಪು, ಹಳೆಯ ಹೂ ಬಹುಪಾಲು ಕೆಂಪು. ಒಂದೇ ಬಳ್ಳಿಯಲ್ಲಿ ಈ ಮೂರೂ ಇದ್ದರೆ ಅಗ್ನಿಶಿಖೆ ಎಂಬ ಇನ್ನೊಂದು ಹೆಸರೂ ಚಿತ್ರದಲ್ಲೇ ಬಂದಂತೆ. ಮೊದಲು ಎಸಳಿಗೆಲ್ಲ ಹಳದಿ ಹಚ್ಚಿ, ಪೂರ್ತಿ ಒಣಗಿದ ಮೇಲೆ ತುದಿಯಿಂದ ಕೆಂಪನ್ನು ತೆಳುವಾಗಿ ಎರಡು–ಮೂರು ಸಲ ಎಳೆಯಿರಿ. ಹಸಿಯಲ್ಲೇ ಬೆರೆಸಿದರೆ ಎಲ್ಲ ಒಂದೇ ಕಿತ್ತಳೆಯಾಗುತ್ತದೆ. ಮಾದರಿಗೆ ಹೂ ತಂದರೆ ಮಕ್ಕಳ ಕೈಗೆ ಕೊಡಬೇಡಿ, ಮುಟ್ಟಿದ ಕೈ ತೊಳೆಯಿರಿ. ಗಿಡವೆಲ್ಲ ವಿಷ, ಗೆಡ್ಡೆಯಂತೂ ಪ್ರಾಣಕ್ಕೇ ಅಪಾಯ.

ಹಕ್ಕಿ ಬೇಕೇ ಬೇಕೆಂದರೆ ಮಲಬಾರ್ ಸಿಳ್ಳಾರ ಬರೆಯಿರಿ, ಮಳೆಯಲ್ಲಿ ಹಾಡುವ ಹಕ್ಕಿ. ಮೈ ಕಡುಕಪ್ಪು–ನೀಲಿ, ಹೊಳೆಯುವ ನೀಲಿ ಹಣೆ ಮತ್ತು ಭುಜಕ್ಕಷ್ಟೇ.

ಪ್ರಶ್ನೆ: ಮದುವೆ ಉಡುಗೊರೆಗೆ ಪೊಟರೆಯ ಮುಂದೆ ಕೂತ ದೊಡ್ಡ ಮಂಗಟ್ಟೆ (ಹಾರ್ನ್‌ಬಿಲ್) ಜೋಡಿಯನ್ನು ಬರೆಯುತ್ತಿದ್ದೇನೆ. ಗಂಡು ಹೆಣ್ಣು ತೋರಿಸುವುದು ಹೇಗೆ?
– ಓದುಗರು, ಸೋಮವಾರಪೇಟೆ

ಉತ್ತರ: ಕಣ್ಣಿನಲ್ಲಿ. ಗಂಡಿನ ಪಾಪೆಯ ಸುತ್ತ ಕೆಂಪು, ಹೆಣ್ಣಿಗೆ ಬಿಳಿ. ಆದರೆ ಮಂಗಟ್ಟೆ ದಾಂಪತ್ಯದ ಗುರುತಾದದ್ದು ಜೋಡಿಯಾಗಿ ಕೂರುವುದಕ್ಕಲ್ಲ. ಮೊಟ್ಟೆಯ ಕಾಲಕ್ಕೆ ಹೆಣ್ಣು ಪೊಟರೆಯೊಳಗೆ ಸೇರಿ ಪೊಟರೆಯ ಬಾಯಿಯನ್ನು ಮುಚ್ಚಿಕೊಳ್ಳುತ್ತದೆ. ಉಳಿದ ಸೀಳಿನಲ್ಲಿ ಗಂಡು ವಾರಗಟ್ಟಲೆ ಹಣ್ಣು ತಂದುಕೊಡುತ್ತದೆ. ಪೊಟರೆ ಬರೆದಿರೋ, ಹೊರಗೆ ಗಂಡು ಮಾತ್ರ ಇರಲಿ. ಸೀಳಿನಲ್ಲಿ ಹೆಣ್ಣಿನ ಕೊಕ್ಕಿನ ತುದಿ, ಗಂಡಿನ ಕೊಕ್ಕಿನಲ್ಲಿ ಅತ್ತಿ ಹಣ್ಣು. ಇಬ್ಬರನ್ನೂ ಕೊಂಬೆಯ ಮೇಲೆ ಕೂರಿಸುವುದಕ್ಕಿಂತ ಇದು ನೂರು ಪಾಲು ಮೇಲು. ರೆಕ್ಕೆಯ ಬಿಳಿ ಪಟ್ಟೆಗೆ ಚೂರು ಹಳದಿ ಬೆರೆಸಿ. ಹಕ್ಕಿ ಬಾಲದ ಬುಡದ ಎಣ್ಣೆಯನ್ನು ಗರಿಗೆ ಸವರಿಕೊಳ್ಳುವುದರಿಂದ ಅಲ್ಲಿ ಅಚ್ಚ ಬಿಳಿ ಉಳಿಯುವುದಿಲ್ಲ.

ಪ್ರಶ್ನೆ: ಜಲವರ್ಣದಲ್ಲಿ ಕಾಫಿ ಹೂ ಬೂದಿ ಬಣ್ಣಕ್ಕೆ ತಿರುಗುತ್ತದೆ. ಮಳೆಗಾಲದಲ್ಲಿ ಚಿತ್ರಕ್ಕೆ ಬೂಸ್ಟೂ ಹಿಡಿಯುತ್ತದೆ.
– ಓದುಗರು, ಮಡಿಕೇರಿ

ಉತ್ತರ: ಬಿಳಿ ಬಣ್ಣ ಹಚ್ಚಲೇಬೇಡಿ. ದಪ್ಪನೆಯ 300 ಜಿಎಸ್‌ಎಂ ಕಾಗದದ ಬಿಳಿಯನ್ನೇ ಹೂವಾಗಿ ಉಳಿಸಿ, ಸುತ್ತಲಿನ ಎಲೆಗೆ ಕಡುಹಸಿರು ಕೊಡಿ. ಅರೇಬಿಕಾಕ್ಕೆ ಐದು ಎಸಳು, ಗೊಂಚಲು ಎಲೆಯ ಕಂಕುಳಲ್ಲಿರಬೇಕು, ಕೊಂಬೆಯ ತುದಿಯಲ್ಲಲ್ಲ. ಚೌಕಟ್ಟಿನಲ್ಲಿ ಗಾಜು ಕಾಗದಕ್ಕೆ ತಾಗದಂತೆ ನಡುವೆ ಮೌಂಟ್ ಬೋರ್ಡ್ (ಚಿತ್ರದ ಅಂಚಿಗೆ ಕೂರುವ ದಪ್ಪ ರಟ್ಟು) ಇಡಿಸಿ, ಹಿಂಬದಿಯ ನಾಲ್ಕು ಮೂಲೆಗೂ ಬಿರಡೆ ಚೂರು ಅಂಟಿಸಿ ಗಾಳಿಯಾಡಲು ಬಿಡಿ. ಮಳೆ ಹೊಡೆಯುವ ಹೊರಗೋಡೆಗೆ ತೂಗುಹಾಕಬೇಡಿ.