ಮಷಿನ್‌ಗಳ ಯೂಸೇಜ್ ಲಾಗ್ ತರೋ ಟೂಲ್‌ಗೆ ಡಾಕ್ಯುಮೆಂಟೇಶನ್ ಎಲ್ಲಿಂದ ಶುರು ಮಾಡೋದು?

ನಿಮ್ಮ ಪ್ರಶ್ನೆ ನಂಗೆ ಅರ್ಥ ಆಗಿದ್ದು ಇಷ್ಟು: ಎಕ್ಸ್‌ಕವೇಟರ್, ಲೋಡರ್, ಟಿಪ್ಪರ್‌ಗಳ ಯೂಸೇಜ್ ಲಾಗನ್ನ ಬೇರೆ ಬೇರೆ ಕಂಪನಿಗಳ ಟೆಲಿಮ್ಯಾಟಿಕ್ಸ್ ಸರ್ವರ್‌ನಿಂದ (ಮಷಿನ್‌ಗಳು ದೂರದಿಂದ ಕಳಿಸೋ ಡೇಟಾ ಸೇರೋ ಜಾಗ) ತಂದು ಸಿಎಸ್‌ವಿ (ಎಕ್ಸೆಲ್‌ನಲ್ಲಿ ತೆರೆಯೋ ಟೇಬಲ್ ಫೈಲ್) ಮಾಡಿಕೊಡೋ ಟೂಲ್ ರೆಡಿ ಇದೆ, ಈಗ ಸೈಟ್‌ನೋರು ಅಕೌಂಟ್ಸ್‌ನೋರು ಎಲ್ಲಾ ಬಳಸೋ ಹಾಗೆ ಅದಕ್ಕೆ ಡಾಕ್ಯುಮೆಂಟೇಶನ್ ಬರೀಬೇಕು. ನಾನೂ ಇಂಥದ್ದೇ ಟೂಲ್‌ಗೆ ಬರೆದಿದೀನಿ. ನನ್ನ ಸಲಹೆ, ಕಮಾಂಡ್‌ಗಳಿಂದ ಶುರು ಮಾಡ್ಬೇಡಿ, ಕಾಲಂಗಳಿಂದ ಶುರು ಮಾಡಿ. ಕಮಾಂಡ್ ಓಡಿಸೋರು ಒಬ್ರೋ ಇಬ್ರೋ ಇರ್ತಾರೆ, ಅವರಿಗೆ ಟೂಲ್‌ನ ಹೆಲ್ಪ್ ಔಟ್‌ಪುಟ್ ಸಾಕು. ಆದ್ರೆ ಆ ಸಿಎಸ್‌ವಿ ತೆರೆದು ಬಾಡಿಗೆ ಬಿಲ್ ಹಾಕೋರು, ಸರ್ವಿಸ್ ಯಾವಾಗ ಅಂತ ನೋಡೋರು, ಡೀಸೆಲ್ ಲೆಕ್ಕ ಹಿಡಿಯೋರು ಇದಾರಲ್ಲ, ಅವರಿಗೆ ಆ ನಂಬರ್ ಅಂದ್ರೆ ಏನು ಅಂತ ಹೇಳೋರೇ ಯಾರೂ ಇರಲ್ಲ.

ಮೊದಲು ಅವರ್ಸ್ ಕಾಲಂ. ಇದಕ್ಕೆ ಒಂದು ಪುಟ ಹೋದ್ರೂ ಪರವಾಗಿಲ್ಲ. ಬೇರೆ ಬೇರೆ ಕಂಪನಿಗಳ ಮಷಿನ್ ಡೇಟಾ ಒಂದೇ ರೂಪದಲ್ಲಿ ಸಿಗಲಿ ಅಂತ ಮಾಡಿದ, ಎಇಎಂಪಿ ಅಂತ ಶುರುವಾಗಿ 2016ರಲ್ಲಿ ಐಎಸ್‌ಒ 15143-3 ಆದ ಸ್ಟ್ಯಾಂಡರ್ಡ್ ಇದೆಯಲ್ಲ, ಅದರ ಪ್ರಕಾರ ಡೇಟಾ ಕೊಡೋ ಸರ್ವರ್‌ಗಳಲ್ಲಿ ಆಪರೇಟಿಂಗ್ ಅವರ್ಸ್ ಅಂತ ಬರೋದು ಮಷಿನ್ ಶುರುವಿಂದ ಇವತ್ತಿನವರೆಗಿನ ಒಟ್ಟು ಗಂಟೆ, ಇವತ್ತಿನ ಗಂಟೆ ಅಲ್ಲ. ಇವತ್ತಿಂದು ಬೇಕಂದ್ರೆ ಎರಡು ರೀಡಿಂಗ್ ಕಳೀಬೇಕು. ಅದನ್ನ ನಿಮ್ಮ ಟೂಲೇ ಕಳೆದು ಕೊಡುತ್ತಾ ಅಥವಾ ಓದೋರು ಕಳೀಬೇಕಾ ಅಂತ ಸ್ಪಷ್ಟವಾಗಿ ಬರೀರಿ, ಜೊತೆಗೆ ಒಂದು ಲೆಕ್ಕ ಮಾಡಿ ತೋರಿಸಿ. ಬೆಳಿಗ್ಗೆ 4210.35, ಸಂಜೆ 4218.60, ಅಂದ್ರೆ ಇಂಜಿನ್ ಓಡಿದ್ದು 8.25 ಗಂಟೆ. ಐಡಲ್ ಅವರ್ಸ್ 1102.10ರಿಂದ 1104.60ಕ್ಕೆ ಹೋಗಿದ್ರೆ ಅದ್ರಲ್ಲಿ 2.5 ಗಂಟೆ ಸುಮ್ನೆ ನಿಂತು ಡೀಸೆಲ್ ಸುಟ್ಟಿದ್ದು, ನಿಜವಾದ ಕೆಲಸ 5.75 ಗಂಟೆ. ಐಡಲ್ ಅನ್ನೋದು ಆಪರೇಟಿಂಗ್ ಒಳಗೇ ಸೇರಿರುತ್ತೆ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿರಲ್ಲ, ಎರಡನ್ನೂ ಕೂಡಿಸಿಬಿಡ್ತಾರೆ. ಇನ್ನೊಂದು, ಐಡಲ್ ಅಂತ ಯಾವಾಗಿಂದ ಎಣಿಸಬೇಕು ಅನ್ನೋದು ತಯಾರಕರಿಂದ ತಯಾರಕರಿಗೆ ಬೇರೆ, ಹಾಗಾಗಿ ಎರಡು ಬ್ರಾಂಡ್‌ಗಳ ಐಡಲ್ ಪರ್ಸೆಂಟೇಜ್ ಪಕ್ಕಪಕ್ಕ ಇಟ್ಟು ಆಪರೇಟರ್‌ನ ಬೈಯೋಕಾಗಲ್ಲ, ಈ ಎಚ್ಚರಿಕೆ ಡಾಕ್ಯುಮೆಂಟ್‌ನಲ್ಲಿ ಕಣ್ಣಿಗೆ ಬೀಳೋ ಜಾಗದಲ್ಲೇ ಇರಬೇಕು.

ನಿಖರತೆ ಬಗ್ಗೆನೂ ಒಂದೆರಡು ಸಾಲು ಬರೀರಿ. ಮಷಿನ್ ಒಳಗಿನ ಜೆ1939 ನೆಟ್‌ವರ್ಕ್‌ನಲ್ಲಿ (ಇಂಜಿನ್ ಮತ್ತು ಬೇರೆ ಭಾಗಗಳ ಕಂಟ್ರೋಲರ್‌ಗಳು ಮಾಹಿತಿ ಹಂಚಿಕೊಳ್ಳೋ ದಾರಿ) ಇಂಜಿನ್‌ನ ಒಟ್ಟು ಗಂಟೆ 0.05 ಗಂಟೆ ಹೆಜ್ಜೆಯಲ್ಲಿ ಬರುತ್ತೆ, ಅಂದ್ರೆ 3 ನಿಮಿಷ, ಒಟ್ಟು ಇಂಧನ ಅರ್ಧ ಲೀಟರ್ ಹೆಜ್ಜೆಯಲ್ಲಿ. ಎರಡು ನಿಮಿಷದ ವ್ಯತ್ಯಾಸಕ್ಕೆ ಯಾರಾದ್ರೂ ಜಗಳಕ್ಕೆ ಬಂದ್ರೆ ಈ ಸಾಲು ತೋರಿಸಬಹುದು.

ಆಮೇಲೆ ಟೈಮ್. ಸರ್ವರ್‌ನಿಂದ ಬರೋ ಟೈಮ್ ಸಾಮಾನ್ಯವಾಗಿ ಯುಟಿಸಿ, ಅಂದ್ರೆ ಜಗತ್ತಿಗೆಲ್ಲಾ ಒಂದೇ ಇರೋ ಟೈಮ್, ನಮ್ಮ ಗಡಿಯಾರದ್ದಲ್ಲ. ಹಾಗಾಗಿ ನಿಮ್ಮ ಟೂಲ್‌ನಲ್ಲಿ ಒಂದು ದಿನ ಅಂದ್ರೆ ಯಾವ ಮಧ್ಯರಾತ್ರಿಯಿಂದ ಯಾವ ಮಧ್ಯರಾತ್ರಿವರೆಗೆ, ಯುಟಿಸಿದೋ ಸೈಟ್‌ದೋ? ನೈಟ್ ಶಿಫ್ಟ್ ಇರೋ ಸೈಟ್‌ನಲ್ಲಿ ಇದೊಂದು ಸಾಲು ಇಲ್ದಿದ್ರೆ ಪ್ರತಿ ತಿಂಗಳೂ ಗಂಟೆ ತಾಳೆ ಆಗಲ್ಲ. ಇದಕ್ಕೇ ಸೇರಿದ ಇನ್ನೊಂದು ವಿಷಯ, ತಡವಾಗಿ ಬರೋ ಡೇಟಾ. ಮಷಿನ್ ಟನಲ್ ಒಳಗೋ ಸಿಗ್ನಲ್ ಇಲ್ದಿರೋ ಕಡೆಯೋ ಇದ್ರೆ ಡಿವೈಸ್ ರೀಡಿಂಗ್‌ಗಳನ್ನ ತನ್ನಲ್ಲೇ ಇಟ್ಕೊಂಡು ಸಿಗ್ನಲ್ ಸಿಕ್ಕಾಗ ಒಟ್ಟಿಗೆ ಕಳಿಸುತ್ತೆ, ಹಾಗಾಗಿ ಸೋಮವಾರದ ಲಾಗನ್ನ ಮಂಗಳವಾರ ತಗೊಂಡ್ರೆ ಒಂದು ಥರ, ಗುರುವಾರ ತಗೊಂಡ್ರೆ ಇನ್ನೊಂದು ಥರ ಬರಬಹುದು. ಅದು ಟೂಲ್‌ನ ಬಗ್ ಅಲ್ಲ, ಆದ್ರೆ ಬರೆದಿಡದೆ ಹೋದ್ರೆ ಎಲ್ರೂ ಬಗ್ ಅಂತಾನೇ ಅಂದ್ಕೊಳ್ಳೋದು. ಎಷ್ಟು ದಿನ ಹಿಂದಿನದನ್ನ ಮತ್ತೆ ತರಬೇಕು, ಮತ್ತೆ ತಂದಾಗ ಹಳೇ ಸಾಲಿನ ಮೇಲೆ ಬರೆಯುತ್ತಾ ಅಥವಾ ಡಬಲ್ ಆಗುತ್ತಾ, ಇದೆಲ್ಲಾ ಹೇಳಿ.

ಖಾಲಿ ಸೆಲ್ ಮತ್ತು ಸೊನ್ನೆ ಬೇರೆ ಬೇರೆ. ಸೊನ್ನೆ ಅಂದ್ರೆ ಮಷಿನ್ ಓಡಿಲ್ಲ, ಖಾಲಿ ಅಂದ್ರೆ ನಮಗೆ ಮಾಹಿತಿ ಬಂದಿಲ್ಲ. ನಿಮ್ಮ ಟೂಲ್ ಖಾಲಿಯನ್ನ ಸೊನ್ನೆ ಮಾಡ್ತಿದ್ರೆ ಡಾಕ್ಯುಮೆಂಟೇಶನ್ ಪಕ್ಕಕ್ಕಿಟ್ಟು ಮೊದಲು ಅದನ್ನ ಸರಿ ಮಾಡಿ, ಯಾಕಂದ್ರೆ ಆ ಸೊನ್ನೆ ನೋಡಿ ಯಾರೋ ಆಪರೇಟರ್‌ಗೆ ಸಂಬಳ ಹಿಡೀತಾರೆ. ಮಷಿನ್‌ನ ಕಂಟ್ರೋಲರ್ (ಒಳಗಿನ ಕಂಪ್ಯೂಟರ್) ಬದಲಾಯಿಸಿದಾಗ ಒಟ್ಟು ಗಂಟೆ ಇದ್ದಕ್ಕಿದ್ದಂತೆ ಕಮ್ಮಿ ಆಗಿ ವ್ಯತ್ಯಾಸ ಮೈನಸ್ ಬರೋದೂ ಉಂಟು, ಆಗ ಟೂಲ್ ಏನು ಮಾಡುತ್ತೆ ಅಂತ ಬರೀರಿ.

ಮಷಿನ್ ಗುರುತಿಸೋಕೆ ಸೈಟ್‌ನೋರು ಇಟ್ಟ ಹೆಸರು ನಂಬ್ಬೇಡಿ, ಬಾಡಿಗೆ ಮಷಿನ್‌ಗಳ ಹೆಸರು ಸೈಟ್ ಬದಲಾದಾಗೆಲ್ಲಾ ಬದಲಾಗುತ್ತೆ. ತಯಾರಕರು ಕೊಡೋ ಪಿನ್ (ಮಷಿನ್‌ನ ಗುರುತಿನ ನಂಬರ್) ಅಥವಾ ಸೀರಿಯಲ್ ನಂಬರ್ ಯಾವ ಕಾಲಂನಲ್ಲಿದೆ ಅಂತ ತೋರಿಸಿ. ಇಂಧನ ಲೀಟರೋ ಗ್ಯಾಲನ್ನೋ ಅನ್ನೋದನ್ನ ಕಾಲಂ ಹೆಸರಲ್ಲೇ ಸೇರಿಸಿಬಿಡಿ.

ಎರರ್‌ಗಳಿಗೆ ಸ್ಕ್ರೀನ್ ಮೇಲೆ ಬರೋ ಮೆಸೇಜನ್ನ ಅಕ್ಷರ ಬಿಡದೆ ಹಾಗೇ ಹಾಕಿ, ಜನ ಅದನ್ನೇ ಕಾಪಿ ಮಾಡಿ ಹುಡುಕೋದು. 401 (ಸರ್ವರ್ ಒಳಗೆ ಬಿಡ್ತಿಲ್ಲ) ಬಂದ್ರೆ ಟೋಕನ್, ಅಂದ್ರೆ ಸರ್ವರ್‌ಗೆ ಲಾಗಿನ್ ಆಗೋ ಕೀ, ನೋಡಿ, 429 (ತುಂಬಾ ಸಲ ಕೇಳಿದೀರಿ) ಬಂದ್ರೆ ಸ್ವಲ್ಪ ಹೊತ್ತು ಬಿಟ್ಟು ಓಡಿಸಿ, ಇಷ್ಟು ಸಾಕು. ಡೇಟಾ ಪುಟ ಪುಟವಾಗಿ ಬರೋದ್ರಿಂದ ಮಧ್ಯದಲ್ಲಿ ನಿಂತ್ರೆ ಅರ್ಧ ಫೈಲ್ ಉಳಿಯುತ್ತಾ ಇಲ್ವಾ ಅನ್ನೋದನ್ನ ಮಾತ್ರ ಬಿಡ್ಬೇಡಿ, ಅರ್ಧ ಫೈಲ್ ನೋಡೋಕೆ ಪೂರ್ತಿ ಫೈಲ್ ಥರಾನೇ ಇರುತ್ತೆ.

ಬರೆದಾದ್ಮೇಲೆ ಟೂಲ್ ನೋಡೇ ಇಲ್ಲದ ಒಬ್ರಿಗೆ ಸ್ಯಾಂಪಲ್ ಸಿಎಸ್‌ವಿ ಮತ್ತು ಡಾಕ್ಯುಮೆಂಟ್ ಕೊಟ್ಟು, ಈ ಮಷಿನ್ ಈ ದಿನ ನಿಜವಾಗಿ ಎಷ್ಟು ಗಂಟೆ ಕೆಲಸ ಮಾಡಿದೆ ಅಂತ ಕೇಳಿ. ಉತ್ತರ ಬೇರೆ ಬಂದ್ರೆ ಯಾವ ಸಾಲು ಓದಿ ಹಾಗೆ ಅಂದ್ಕೊಂಡ್ರು ಅಂತ ಕೇಳಿ ಆ ಸಾಲನ್ನ ತಿದ್ದಿ. ಆ ಸ್ಯಾಂಪಲ್‌ನಲ್ಲಿ ನಿಜವಾದ ಟೋಕನ್, ನಿಜವಾದ ಲೊಕೇಶನ್, ಆಪರೇಟರ್ ಹೆಸರು ಇರದ ಹಾಗೆ ನೋಡ್ಕೊಳ್ಳಿ, ಒಮ್ಮೆ ಹಂಚಿದ ಫೈಲನ್ನ ವಾಪಸ್ ತಗೊಳ್ಳೋಕೆ ಆಗಲ್ಲ.