ಆಂಬು ಬ್ಯಾಗ್ ಯಾರಿಗಾಗಿ?

ಆಂಬುಲೆನ್ಸ್‌ನಲ್ಲಿ ದುಡಿಯುವವರು ಆಪ್ತಸಲಹೆಗೆ ಬಂದಾಗ ಅವರ ಮನೆಯವರು ಕೇಳುವ ಪ್ರಶ್ನೆ ಹೆಚ್ಚೂಕಡಿಮೆ ಒಂದೇ. "ರಜೆ ಸಿಕ್ಕರೆ ಸಾಕು, ಒಬ್ಬರೇ ಕಾಡುಮೇಡು ಅಂತ ಹೊರಟುಬಿಡ್ತಾರೆ. ಇದು ಸರಿಯಾ?" ಒಂಟಿ ಚಾರಣ, ಒಂಟಿ ಟೆಂಟ್, ಕೊರಳಲ್ಲೊಂದು ಕ್ಯಾಮೆರಾ. ಈ ವೃತ್ತಿಯವರಲ್ಲಿ ಇದನ್ನು ಎಷ್ಟು ಸಲ ಕೇಳಿದ್ದೇನೆಂದರೆ, ಉತ್ತರ ಗೊತ್ತಿದೆ ಎಂದೇ ನಂಬಿಕೊಂಡಿದ್ದೆ. ಈ ಪ್ರಕರಣದಲ್ಲಿ ಉತ್ತರ ಇದ್ದದ್ದು ಬೆನ್ನುಚೀಲದ ತಳದಲ್ಲಿ.

ಗುರುತು ಹತ್ತದಂತೆ ವಿವರಗಳನ್ನು ಬದಲಿಸಿದ್ದೇನೆ. ಗಂಡೋ ಹೆಣ್ಣೋ ಎಂಬುದೂ ಬೇಡ, 'ಅವರು' ಎಂದರೆ ಸಾಕು. ಎಂಟು ವರ್ಷದಿಂದ ಪ್ಯಾರಾಮೆಡಿಕ್. 12 ಗಂಟೆಯ ಶಿಫ್ಟ್, ನಾಲ್ಕು ದಿನ ಕೆಲಸ, ನಾಲ್ಕು ದಿನ ರಜೆ. ಕೊನೆಯ ಶಿಫ್ಟ್ ರಾತ್ರಿಯದು. ಅದು ಮುಗಿದ ಬೆಳಗ್ಗೆಯೇ ಗಾಡಿ ಹತ್ತುತ್ತಿದ್ದರು. ದೂರುಗಳು ಮೂರು. ಟೆಂಟ್‌ನಲ್ಲೂ ನಸುಕಿನ ಮೂರು-ನಾಲ್ಕರ ನಡುವೆ ಎಚ್ಚರವಾಗುತ್ತದೆ. ದಿನಕ್ಕೆ ಸಾವಿರಕ್ಕೂ ಹೆಚ್ಚು ಫೋಟೋ ತೆಗೆಯುತ್ತಾರೆ, ಒಂದನ್ನೂ ತೆರೆದು ನೋಡಲು ಮನಸ್ಸಿಲ್ಲ. ಮೂರನೆಯದು ಸಂಗಾತಿಯ ದೂರು: "ಹೋದವರು ಬರದೇ ಇದ್ದರೆ ಎಲ್ಲಿ ಹುಡುಕಲಿ?"

ಮೊದಲ ಎರಡು ಭೇಟಿಗಳು ಮಾಮೂಲು ವಿಚಾರಣೆಗೆ ಹೋದವು: ನಿದ್ದೆ, ಕುಡಿತ, ಕೆಟ್ಟ ಕನಸು, ಯಾವುದಾದರೂ ರಸ್ತೆಯನ್ನೋ ಸದ್ದನ್ನೋ ತಪ್ಪಿಸಿಕೊಂಡು ಓಡಾಡುವ ಅಭ್ಯಾಸ. ಮಗುವೊಂದಕ್ಕಾಗಿ ಬಂದಿದ್ದ ತುರ್ತು ಕರೆ ಮನಸ್ಸಿನಲ್ಲಿ ಸಿಕ್ಕಿಕೊಂಡಿತ್ತು. ಅದನ್ನು ಬೇರೆಯಾಗಿಯೇ ನೋಡಿಕೊಳ್ಳಬೇಕಿತ್ತು, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೂರನೇ ಭೇಟಿಗೆ, ಮುಂದಿನ ಪ್ರವಾಸಕ್ಕೆ ಕಟ್ಟಿಟ್ಟ ಚೀಲವನ್ನು ಇದ್ದ ಹಾಗೆಯೇ ತನ್ನಿ ಎಂದಿದ್ದೆ. ಹವ್ಯಾಸದ ಬಗ್ಗೆ ಮಾತಾಡಿಸಿದರೆ ಜನ ತಮಗೆ ಬೇಕಾದಂತೆ ಹೇಳುತ್ತಾರೆ. ಸಾಮಾನನ್ನು ನೆಲದ ಮೇಲೆ ಹರಡಿಸಿದರೆ ಹಾಗೆ ಹೇಳಲು ಕಷ್ಟ. ಟೆಂಟ್, ಸ್ಲೀಪಿಂಗ್ ಬ್ಯಾಗ್, ಗಾಳಿ ತುಂಬುವ ಚಾಪೆ, ಸ್ಟವ್, ಕ್ಯಾಮೆರಾ, ಉದ್ದನೆಯ ಜೂಮ್ ಲೆನ್ಸ್. ಕಡೆಗೆ ಕೆಂಪು ಚೀಲವೊಂದು ಬಂತು. ತೂಕಕ್ಕಿಟ್ಟರೆ 2.9 ಕಿಲೋ. ಒಳಗೆ ಆಂಬು ಬ್ಯಾಗ್, ಅಂದರೆ ಮಾಸ್ಕನ್ನು ರೋಗಿಯ ಮುಖಕ್ಕೆ ಬಿಗಿಹಿಡಿದು ಕೈಯಿಂದ ಒತ್ತಿ ಉಸಿರು ಕೊಡುವ ಸಾಧನ. ಜೊತೆಗೆ ನಾಲ್ಕು ಅಳತೆಯ ಏರ್‌ವೇಗಳು (ಗಂಟಲಿನ ಉಸಿರುದಾರಿ ತೆರೆದಿಡುವ ಕೊಳವೆಗಳು), ಕುತ್ತಿಗೆಯ ಕಾಲರ್, ಬಿಪಿ ಪಟ್ಟಿ, ಸ್ಟೆತೊಸ್ಕೋಪ್, ಎದೆಯ ಗಾಯ ಮುಚ್ಚುವ ಸೀಲ್‌ಗಳು, ರಕ್ತಸ್ರಾವ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಎರಡು ಟೂರ್ನಿಕೆಟ್, ರಾಶಿ ಡ್ರೆಸಿಂಗ್.

"ಇದನ್ನು ನಿಮಗೆ ನೀವೇ ಒತ್ತಿಕೊಳ್ಳೋಕೆ ಆಗುತ್ತಾ?" ಎಂದು ಆಂಬು ಬ್ಯಾಗ್ ತೋರಿಸಿ ಕೇಳಿದೆ.

ನಕ್ಕರು. "ಅದು ಉಸಿರು ನಿಂತವರಿಗೆ."

"ಕಾಲರ್?"

"ಅದನ್ನೂ ಇನ್ನೊಬ್ಬರೇ ಹಾಕಬೇಕು."

"ಹೋಗೋದು ಒಬ್ಬರೇ ಅಲ್ವಾ?"

ನಗು ನಿಂತಿತು. ದಾರಿಯಲ್ಲಿ ಯಾರಾದರೂ ಸಿಕ್ಕರೆ ಇರಲಿ ಎಂದು, ಎಂದರು. ಎಂಟು ವರ್ಷದಲ್ಲಿ ಯಾರೂ ಸಿಕ್ಕಿರಲಿಲ್ಲ. ಆಮೇಲೆ ಅವರೇ ಒಂದೊಂದು ವಸ್ತು ಎತ್ತಿ, "ಇದು ಅವರಿಗೆ, ಇದು ನನಗೆ" ಎಂದು ಎರಡು ಗುಡ್ಡೆ ಮಾಡಿದರು. ತಮ್ಮ ಗುಡ್ಡೆಯಲ್ಲಿ ಉಳಿದದ್ದು ಒಂದು ಟೂರ್ನಿಕೆಟ್, ಒಂದೆರಡು ಡ್ರೆಸಿಂಗ್, ಕಾಲಿನ ಬೊಬ್ಬೆಗೆ ಹಚ್ಚುವ ಟೇಪ್. ಅಪಾಯದಲ್ಲಿ ಒತ್ತಿದರೆ ಸಂಕೇತ ಕಳಿಸುವ ಬೀಕನ್ ಇರಲಿಲ್ಲ. ಸೀಟಿ ಇರಲಿಲ್ಲ. ಮನೆಯಲ್ಲಿ ಬಿಟ್ಟುಬಂದ ಮಾಹಿತಿ "ಭಾನುವಾರ ಬರ್ತೀನಿ" ಎಂಬ ಎರಡೇ ಪದ.

ಯಾಕೆ ಎಂದು ಕೇಳಿದಾಗ ಬಂದ ಮಾತಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. "ನಾನು ಯಾರಿಗೂ ಒಂದು ಕಾಲ್ ಆಗಬಾರದು."

ಕರೆ ಬಂದರೆ ಊಟ ಬಿಟ್ಟು ಏಳುವವರು ಯಾರು, ಇಳಿಜಾರಿನಲ್ಲಿ ಸ್ಟ್ರೆಚರ್ ಹೊತ್ತು ಬೆನ್ನು ಮುರಿದುಕೊಳ್ಳುವವರು ಯಾರು ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಆ ಹೊರೆಯನ್ನು ಸಹೋದ್ಯೋಗಿಗಳ ಮೇಲೆ ಹಾಕಬಾರದೆಂದು, ನೆರವು ಕೇಳುವ ದಾರಿಯನ್ನೇ ಮುಚ್ಚಿಟ್ಟಿದ್ದರು. ಸಂಗಾತಿ ಹೆದರಿದ್ದು ಒಂಟಿತನಕ್ಕೆ, ಅಪಾಯವಿದ್ದದ್ದು ಇಲ್ಲಿ.

ಇಂಥ ಮಾತು ಕೇಳಿದ ಸಲಹೆಗಾರರು ಮುಂದಿನ ಪ್ರಶ್ನೆಯನ್ನು ಸುತ್ತಿಬಳಸಿ ಕೇಳಬಾರದು. "ಹಿಂತಿರುಗಿ ಬರುವುದು ಬೇಡ ಎಂದು ಯಾವತ್ತಾದರೂ ಅನ್ನಿಸಿದೆಯಾ? ಸಾಯುವ ಯೋಚನೆ ಬಂದಿದೆಯಾ?" ಎಂದು ನೇರವಾಗಿಯೇ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ಕಲ್ಪನೆ. ಇಲ್ಲ ಎಂದರು. ಅವರ ಒಪ್ಪಿಗೆ ಪಡೆದು ಸಂಗಾತಿಯನ್ನೂ ವಿಚಾರಿಸಿದೆ. ಉತ್ತರ 'ಹೌದು' ಎಂದಾಗಿದ್ದರೆ ಅಂದೇ ಮನೋವೈದ್ಯರ ಬಳಿ ಕಳಿಸುತ್ತಿದ್ದೆ, ಒಂಟಿ ಪ್ರವಾಸ ಅಲ್ಲಿಗೇ ನಿಲ್ಲುತ್ತಿತ್ತು. ಅದರಲ್ಲಿ ಚೌಕಾಸಿ ಇಲ್ಲ.

'ಇಲ್ಲ' ಎಂದಮೇಲೂ ಒಬ್ಬರೇ ಹೋಗುವುದನ್ನು ನಿಲ್ಲಿಸಿ ಎಂದು ನಾನು ಹೇಳಬೇಕಿತ್ತು ಎಂಬುದು ಕೆಲವು ಸಹೋದ್ಯೋಗಿಗಳ ಆಕ್ಷೇಪ. ನಾನು ಒಪ್ಪುವುದಿಲ್ಲ. ಕೆಲಸದ ದಣಿವು ಆರಲು ಬಿಡುವಿನ ವೇಳೆಯಲ್ಲಿ ನಾಲ್ಕು ಅನುಭವಗಳು ಬೇಕೆಂದು ಸಂಶೋಧಕರಾದ ಸೊನ್ನೆನ್‌ಟಾಗ್ ಮತ್ತು ಫ್ರಿಟ್ಜ್ 2007ರಲ್ಲಿ ಗುರುತಿಸಿದರು: ಮನಸ್ಸು ಕೆಲಸದಿಂದ ಬಿಡಿಸಿಕೊಳ್ಳುವುದು, ಮೈ ಸಡಿಲಾಗುವುದು, ಹೊಸದೊಂದರಲ್ಲಿ ಪಳಗುವುದು, ತನ್ನ ಸಮಯ ತನ್ನ ಕೈಯಲ್ಲಿರುವುದು. ಯಾವ ಕರೆ, ಎಲ್ಲಿಗೆ, ಯಾವಾಗ ಎಂಬ ಒಂದೂ ಕೈಯಲ್ಲಿಲ್ಲದ ವೃತ್ತಿಯವರಿಗೆ, ಎಲ್ಲಿ ನಿಲ್ಲಬೇಕೆಂದು ತಾವೇ ತೀರ್ಮಾನಿಸುವ ಎರಡು ದಿನ ದೊಡ್ಡದು. ಅದನ್ನು ಕಿತ್ತುಕೊಂಡು ಪ್ರತಿಯಾಗಿ ಏನು ಕೊಡುತ್ತಿದ್ದೆ, ಉಸಿರಾಟದ ವ್ಯಾಯಾಮವೇ? ಕೊರತೆಯಿದ್ದದ್ದು ನಾಲ್ಕರಲ್ಲಿ ಮೊದಲನೆಯದಕ್ಕೆ. ಕೆಂಪು ಚೀಲ ಬೆನ್ನ ಮೇಲಿರುವವರೆಗೆ ಅವರು ಡ್ಯೂಟಿಯಲ್ಲೇ ಇದ್ದರು.

ಹಾಗಾಗಿ ಸಲಹೆಯೆಲ್ಲ ಹೇಗೆ ಹೋಗಬೇಕು ಎಂಬುದರ ಬಗ್ಗೆಯೇ.

ಮೊದಲನೆಯದು ಹೊರಡುವ ಗಂಟೆ. ಸಂಜೆ 4ಕ್ಕೆ ಎದ್ದು, ರಾತ್ರಿಯ ಶಿಫ್ಟ್ ಮುಗಿಸಿ, ಬೆಳಗ್ಗೆ 9ಕ್ಕೆ ಸ್ಟೀರಿಂಗ್ ಹಿಡಿದರೆ ಎಚ್ಚರವಾಗಿರುವುದು ಅದಾಗಲೇ 17 ಗಂಟೆ. ಆ ಹೊತ್ತಿನ ಕೈಚಳಕ, ಗಮನ ಎರಡೂ ರಕ್ತದಲ್ಲಿ 0.05 ಶೇಕಡಾ ಮದ್ಯವಿರುವವರಂತೆ. 24 ಗಂಟೆಗೆ ಅದು 0.10ರ ಮಟ್ಟ. ಮಧ್ಯಾಹ್ನ 4ಕ್ಕೆ, ಅಂದರೆ ಸರಿಯಾಗಿ 24ನೇ ಗಂಟೆಯಲ್ಲಿ, ಇವರು ಎಲ್ಲೋ ಪಾಚಿಗಟ್ಟಿದ ಬಂಡೆಯ ಮೇಲೆ ಟ್ರೈಪಾಡ್ ಹಿಡಿದು ಹಳ್ಳ ದಾಟುತ್ತಿರುತ್ತಿದ್ದರು. ಕೊನೆಯ ಶಿಫ್ಟ್ ಮುಗಿದ ಬೆಳಗ್ಗೆ ಎರಡು-ಮೂರು ಗಂಟೆ ಮಾತ್ರ ಮಲಗಿ, ರಾತ್ರಿ ಪೂರ್ತಿ ನಿದ್ದೆ ಮಾಡಿ, ಮರುದಿನ ಹೊರಡಿ ಎಂದೆ. ನಾಲ್ಕು ರಜೆಯಲ್ಲಿ ಒಂದು ಹೋಯಿತು ಎಂದು ಮುಖ ಸಣ್ಣ ಮಾಡಿದರು. ಹೋಗಲಿ.

ಎರಡನೆಯದು ಮನೆಯಲ್ಲಿ ಬಿಟ್ಟುಹೋಗುವ ಚೀಟಿ. ಗಾಡಿ ನಿಲ್ಲಿಸುವ ಜಾಗ ಮತ್ತು ಅದರ ಸಂಖ್ಯೆ, ಹೋಗುವ-ಬರುವ ದಾರಿ, ಟೆಂಟ್ ಹಾಕುವ ಸ್ಥಳದ ಅಕ್ಷಾಂಶ-ರೇಖಾಂಶ, ಟೆಂಟ್ ಮತ್ತು ಜಾಕೆಟ್‌ನ ಬಣ್ಣ, ನುಂಗುವ ಮಾತ್ರೆಗಳು. ಎಲ್ಲಕ್ಕಿಂತ ಮುಖ್ಯವಾದದ್ದು, ಬೇರೆ ಬೇರೆಯಾಗಿ ಬರೆದ ಎರಡು ಸಮಯಗಳು: ಬಂದು ಸೇರುವ ಸಮಯ, ಮತ್ತು ಆ ಹೊತ್ತಿಗೂ ಸುದ್ದಿಯಿಲ್ಲದಿದ್ದರೆ ರಕ್ಷಣಾ ತಂಡಕ್ಕೆ ಫೋನ್ ಮಾಡಬೇಕಾದ ಸಮಯ. ಒಂದೇ ಸಮಯ ಬರೆದರೆ ಮನೆಯವರು ಹತ್ತು ನಿಮಿಷಕ್ಕೇ ಗಾಬರಿಯಾಗುತ್ತಾರೆ, ಇಲ್ಲವೇ ಮರುದಿನದವರೆಗೆ ಸಂಕೋಚದಲ್ಲಿ ಸುಮ್ಮನಿರುತ್ತಾರೆ. ಎರಡರ ನಡುವೆ ಮೂರ್ನಾಲ್ಕು ಗಂಟೆ ಇಟ್ಟರೆ ಆ ನಿರ್ಧಾರದ ಭಾರ ಅವರ ಮೇಲಿರುವುದಿಲ್ಲ.

ನಡಿಗೆಯ ಸಮಯ ಲೆಕ್ಕ ಹಾಕಲು ಪರ್ವತಾರೋಹಿ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಸಾಕು: 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 12 ಕಿಲೋಮೀಟರ್, 600 ಮೀಟರ್ ಏರು ಎಂದರೆ 3 ಗಂಟೆ 24 ನಿಮಿಷ. ಈ ಲೆಕ್ಕದಲ್ಲಿ ಕ್ಯಾಮೆರಾ ಇಲ್ಲ. ಫೋಟೋ ತೆಗೆಯುವವರು ಅದನ್ನು ದುಪ್ಪಟ್ಟು ಮಾಡಿಕೊಳ್ಳುವುದು ಒಳ್ಳೆಯದು. ಒಳ್ಳೆಯ ಬೆಳಕು ಇರುವುದು ಸೂರ್ಯ ಮುಳುಗುವ ಮುಂಚೆ, ಹಿಂತಿರುಗುವ ನಡಿಗೆ ಕತ್ತಲಲ್ಲಿ. ಆದ್ದರಿಂದ ಸಂಜೆಯ ಚಿತ್ರ ಟೆಂಟ್‌ನಿಂದ 20 ನಿಮಿಷದ ದೂರದೊಳಗೇ ಇರಲಿ ಎಂದು ಒಪ್ಪಿಸಿದೆ.

ಮೂರನೆಯದಕ್ಕೆ ಹೆಚ್ಚು ವಾದ ನಡೆಯಿತು: ಬೀಕನ್. 406 ಮೆಗಾಹರ್ಟ್ಸ್‌ನ ವೈಯಕ್ತಿಕ ಬೀಕನ್ ಒತ್ತಿದರೆ ಉಪಗ್ರಹಗಳ ಮೂಲಕ ಸುದ್ದಿ ಹೋಗುತ್ತದೆ, ಕನಿಷ್ಠ 24 ಗಂಟೆ ಸಂಕೇತ ಬರುತ್ತಿರುತ್ತದೆ, ಮೊಬೈಲ್ ಜಾಲ ಬೇಕಿಲ್ಲ. ಕೊಂಡ ಮೇಲೆ ನೋಂದಾಯಿಸಬೇಕು, ಆಂಟೆನಾಗೆ ತೆರೆದ ಆಕಾಶ ಬೇಕು. ಚೀಲದಲ್ಲಿಟ್ಟರೆ ಪ್ರಯೋಜನವಿಲ್ಲ, ಜಾರಿ ಬಿದ್ದಾಗ ಚೀಲ ಒಂದು ಕಡೆ, ಮನುಷ್ಯ ಇನ್ನೊಂದು ಕಡೆ. ಮೈಮೇಲಿನ ಜೇಬಿನಲ್ಲೇ ಇರಬೇಕು. "ನಾನು ಒತ್ತಲ್ಲ" ಎಂದರು. ಅವರ ಲೆಕ್ಕದಲ್ಲೇ ಕೇಳಿದೆ: ಜಾಗ ಗೊತ್ತಿರುವ ಕಾಲುಮುರಿತಕ್ಕೆ ಎಷ್ಟು ಜನ, ಎಷ್ಟು ಗಂಟೆ? ಎಲ್ಲಿ ಎಂದೇ ಗೊತ್ತಿಲ್ಲದವರನ್ನು ಹುಡುಕಲು ಎಷ್ಟು ಜನ, ಎಷ್ಟು ದಿನ? ನನಗಿಂತ ಚೆನ್ನಾಗಿ ಅವರಿಗೆ ಉತ್ತರ ಗೊತ್ತಿತ್ತು. ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಚಿಕ್ಕ ಕಾಲ್" ಎಂದರು. ಜೊತೆಗೊಂದು ಸೀಟಿ: ನಿಮಿಷಕ್ಕೆ ಆರು ಊದು, ಒಂದು ನಿಮಿಷ ಬಿಡುವು, ಮತ್ತೆ ಆರು.

ಕೆಂಪು ಚೀಲಕ್ಕೆ ಹೊಸ ನಿಯಮ, ಒಂದೇ ಕೈಯಿಂದ ತನಗೆ ತಾನೇ ಬಳಸಲಾಗದ್ದು ಮನೆಯಲ್ಲಿರಲಿ. ಟೂರ್ನಿಕೆಟ್ಟನ್ನು ಎಡಗೈಯಿಂದ ಬಲತೋಳಿಗೆ ಬಿಗಿಯುವುದನ್ನು ಅಭ್ಯಾಸ ಮಾಡಿಕೊಂಡರು. ಎಷ್ಟೋ ರೋಗಿಗಳಿಗೆ ಬಿಗಿದವರು ಮೊದಲ ಸಲ ತಡವರಿಸಿದ್ದನ್ನು ಹೇಳಿ ತಾವೇ ನಕ್ಕರು. ಚೀಲ 600 ಗ್ರಾಮಿಗೆ ಇಳಿಯಿತು.

ಹಾಗೆ ಉಳಿತಾಯವಾದ ತೂಕದಲ್ಲಿ 400 ಗ್ರಾಮಿನಷ್ಟನ್ನು ಮಡಚುವ ಫೋಮ್ ಚಾಪೆಗೆ ಕೊಡಿಸಿದೆ. ಇದು ಆಪ್ತಸಲಹೆಗಾರರ ಕೆಲಸವೇ ಎಂದು ಕೇಳಬಹುದು. ನಸುಕಿನ ಎಚ್ಚರಕ್ಕೆ ಹಳೆಯ ಕರೆಗಳೇ ಕಾರಣ ಎಂದು ಅವರೂ ನಂಬಿದ್ದರು, ನಾನೂ ಎರಡು ಭೇಟಿ ನಂಬಿದ್ದೆ. ಆದರೆ ಅವರ ಗಾಳಿಚಾಪೆಯ ಆರ್-ಮೌಲ್ಯ, ಅಂದರೆ ನೆಲದ ಚಳಿಯನ್ನು ತಡೆಯುವ ಶಕ್ತಿಯ ಅಳತೆ, 1.5ರಷ್ಟು, ಬೇಸಿಗೆಯ ನೆಲಕ್ಕೆ ಮಾತ್ರ ಸಾಲುವಂಥದು. ಸ್ಲೀಪಿಂಗ್ ಬ್ಯಾಗ್ ಕೊಂಡದ್ದು 'ಲಿಮಿಟ್' ಅಂಕಿ ನೋಡಿ, ಅಂದರೆ ಮುದುಡಿ ಮಲಗಿ ಹೇಗೋ ತಡೆದುಕೊಳ್ಳಬಹುದಾದ ಚಳಿ. ನೋಡಬೇಕಾದದ್ದು ಆರಾಮವಾಗಿ ಮಲಗಬಹುದಾದ ಚಳಿ ಹೇಳುವ 'ಕಂಫರ್ಟ್' ಅಂಕಿ. ನಸುಕಿಗೆ ದೇಹದ ಉಷ್ಣತೆಯೂ ತಗ್ಗಿರುತ್ತದೆ, ಹೊರಗಿನ ಚಳಿಯೂ ಹೆಚ್ಚು. ಒಂದರ ಮೇಲೊಂದು ಹಾಸಿದ ಚಾಪೆಗಳ ಆರ್-ಮೌಲ್ಯ ಕೂಡುತ್ತದೆ. ಫೋಮಿನ 2 ಸೇರಿ 3.5 ಆಯಿತು. ಟೆಂಟಿನ ಎಚ್ಚರಗಳಲ್ಲಿ ಹೆಚ್ಚಿನವು ಅಲ್ಲಿಗೆ ಹೋದವು. ಮನೆಯ ಹಾಸಿಗೆಯಲ್ಲಿ ಆಗುತ್ತಿದ್ದವು ಹೋಗಲಿಲ್ಲ. ಯಾವುದು ಚಳಿಯದು, ಯಾವುದು ಮನಸ್ಸಿನದು ಎಂದು ಹಾಗೆ ಬೇರೆಯಾಗಿ ಕಾಣಿಸಿತು.

ಕ್ಯಾಮೆರಾದ ಸಂಗತಿ ಸೂಕ್ಷ್ಮ. ಸೆಕೆಂಡಿಗೆ ಹತ್ತು ಚಿತ್ರ ಹೊಡೆಯುತ್ತ, ಜೂಮ್ ಲೆನ್ಸಿನಲ್ಲಿ ಪೊದೆಯಿಂದ ಪೊದೆಗೆ ಹಕ್ಕಿ ಹುಡುಕುವುದು, ಅಪಘಾತದ ಜಾಗಕ್ಕೆ ಕಾಲಿಟ್ಟಾಗ ಕಣ್ಣು ಮಾಡುವ ಕೆಲಸವೇ. ಮನೋವಿಜ್ಞಾನಿ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಸ್ತುಸಂಗ್ರಹಾಲಯದ ವಸ್ತುಗಳ ಫೋಟೋ ತೆಗೆದವರಿಗೆ ಬರಿಗಣ್ಣಲ್ಲಿ ನೋಡಿದವರಿಗಿಂತ ಕಡಿಮೆ ನೆನಪಿತ್ತು. ಆದರೆ ವಸ್ತುವಿನ ಒಂದು ಭಾಗವನ್ನು ಹತ್ತಿರದಿಂದ ತೆಗೆದವರಿಗೆ ಆ ನಷ್ಟವಾಗಲಿಲ್ಲ. ಅದರ ಜಾಡು ಹಿಡಿದು ಕೇಳಿದ್ದು ಇಷ್ಟು: ಮೊದಲ 20 ನಿಮಿಷ ಕ್ಯಾಮೆರಾ ಚೀಲದಲ್ಲೇ. ಜೂಮ್ ಮನೆಯಲ್ಲಿ, 50 ಎಂಎಂನ ಒಂದೇ ಲೆನ್ಸ್. ದಿನಕ್ಕೆ 36 ಚಿತ್ರ, ಹಳೆಯ ಫಿಲ್ಮ್ ರೋಲಿನ ಲೆಕ್ಕ. ಹಳ್ಳದ ನೀರಿಗೆ ಟ್ರೈಪಾಡ್, ಐಎಸ್‌ಒ 100, ಎಫ್/11, ಆರು ಸ್ಟಾಪಿನ ಎನ್‌ಡಿ ಫಿಲ್ಟರ್, ಅಂದರೆ ಒಳಬರುವ ಬೆಳಕನ್ನು ಆರು ಸಲ ಅರ್ಧಕ್ಕಿಳಿಸುವ ಗಾಜು. ಅರ್ಧ ಸೆಕೆಂಡಿನ ಎಕ್ಸ್‌ಪೋಷರ್ (ಬೆಳಕು ಒಳಬೀಳುವ ಅವಧಿ) 32 ಸೆಕೆಂಡ್ ಆಗುತ್ತದೆ. ಎರಡು ಸೆಕೆಂಡಿನ ಟೈಮರ್ ಇಟ್ಟು, ನಡುಕ ತಡೆಯುವ ಸ್ಟೆಬಿಲೈಸೇಷನ್ ಆಫ್ ಮಾಡಿ, ಕೈ ತೆಗೆಯಬೇಕು. ಆ 32 ಸೆಕೆಂಡು ಮುಟ್ಟಿದರೆ ಚಿತ್ರ ಕೆಡುತ್ತದೆ. ಸುಮ್ಮನೆ ನಿಂತರೆ ಜೀವ ಹೋಗುವ ಕೆಲಸದಲ್ಲಿರುವವರಿಗೆ, ಸುಮ್ಮನೆ ನಿಂತರಷ್ಟೇ ಸರಿಹೋಗುವ ಕೆಲಸವೊಂದು ಬೇಕು ಎನ್ನುವುದು ನನ್ನ ನಂಬಿಕೆ. ಇದಕ್ಕೆ ಪ್ರಯೋಗದ ಆಧಾರ ಕೇಳಬೇಡಿ.

ಕಾಡು ಇವ್ಯಾವುದಕ್ಕೂ ಚಿಕಿತ್ಸೆಯಲ್ಲ ಎಂಬುದನ್ನು ಅವರಿಗೂ ಹೇಳಿದೆ. ಮಗುವಿನ ಕರೆಯ ನಂತರ ಅವರ ತಂಡಕ್ಕೆ ಒಂದು ಗುಂಪುಮಾತುಕತೆ ನಡೆದಿತ್ತಂತೆ. ಒಂದೇ ಬಾರಿಯ ಅಂಥ ಕೂಟ ಮುಂದಿನ ಮಾನಸಿಕ ಆಘಾತರೋಗವನ್ನು (ಪಿಟಿಎಸ್‌ಡಿ) ತಡೆಯುತ್ತದೆ ಎನ್ನಲು ಆಧಾರವಿಲ್ಲ. ಲಕ್ಷಣಗಳು ತಿಂಗಳು ದಾಟಿದ್ದರಿಂದ ಆಘಾತ ಕೇಂದ್ರಿತ ಚಿಕಿತ್ಸೆ ನೀಡುವವರಿಗೆ ಕಳಿಸಿದೆ. ಕೆಟ್ಟ ಕರೆಯ ನಂತರದ ಮೂರು ದಿನ ಒಂಟಿ ಪ್ರವಾಸ ಬೇಡ ಎಂಬ ಷರತ್ತನ್ನೂ ಸೇರಿಸಿದೆ.

ಗುಡ್ಡೆ ಮಾಡಿದ ದಿನ ಆಂಬು ಬ್ಯಾಗ್, ಕಾಲರ್, ದೊಡ್ಡ ಏರ್‌ವೇಗಳು ಎಲ್ಲ 'ಅವರಿಗೆ' ಗುಡ್ಡೆಗೆ ಹೋದವು. ಅತಿ ಚಿಕ್ಕ ಅಳತೆಯ ಏರ್‌ವೇಯನ್ನು ಮಾತ್ರ ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದಿದ್ದು, ಮತ್ತೆ ಚೀಲದ ಪಕ್ಕದ ಜೇಬಿಗೆ ಹಾಕಿಕೊಂಡರು. ಅದರ ತೂಕ ಒಂದು ಪೆನ್ನಿನಷ್ಟೂ ಇಲ್ಲ. ನಾನು ನೋಡಿಯೂ ಕೇಳಲಿಲ್ಲ. ಅದನ್ನು ತೆಗೆಸಬೇಕಾದವರು ನಾನಲ್ಲ.

ಹೊಸ ಚೀಟಿಯೊಂದಿಗೆ ಹೋದ ಎರಡನೇ ಪ್ರವಾಸದಲ್ಲಿ ಬರುವ ಸಮಯ ಸಂಜೆ 4, ಫೋನ್ ಮಾಡುವ ಸಮಯ 8 ಎಂದಿತ್ತು. ಮಂಜು ಕವಿದು ತಡವಾಯಿತು. ಜಾಲ ಸಿಕ್ಕು ಸಂದೇಶ ಬಂದಾಗ 6:40. ಸಂಗಾತಿ ಚೀಟಿಯನ್ನು ಮೇಜಿನ ಮೇಲಿಟ್ಟುಕೊಂಡು ಗಡಿಯಾರ ನೋಡುತ್ತ ಕೂತಿದ್ದರಂತೆ. ಮುಂದಿನ ಭೇಟಿಗೆ ಇಬ್ಬರೂ ಬಂದರು. ಆ 2 ಗಂಟೆ 40 ನಿಮಿಷ ಹೇಗಿತ್ತು ಎಂದು ಕೇಳಿದ್ದು ಪ್ಯಾರಾಮೆಡಿಕ್, ನಾನಲ್ಲ.